ವಿಜ್ಞಾನ ಪ್ರಶ್ನೋತ್ತರ: ಚಿಕ್ಕ ದೂರದರ್ಶಕಗಳ ಸಮೂಹದಿಂದ ಸೂಕ್ಷ್ಮ ಚಿತ್ರ

ಚಿಕ್ಕ ದೂರದರ್ಶಕಗಳನ್ನು ದೂರದೂರ ಇರಿಸಿ ಅವುಗಳನ್ನು ಒಂದೇ ದೊಡ್ಡ ದೂರದರ್ಶಕದಂತೆ ಬಳಸಬಹುದು ಎಂಬ ಮಾತು ಹಿಂದಿನ ಸಂಚಿಕೆಯ ಉತ್ತರವೊಂದರಲ್ಲಿ ಒಂದೇ ವಾಕ್ಯದಲ್ಲಿ ಬಂದುಹೋಗಿತ್ತು. ಅದನ್ನು ಹಿಡಿದು ಹಲವು ಓದುಗರು ಪ್ರಶ್ನೆಗಳನ್ನು ಕಳುಹಿಸಿದ್ದಾರೆ. ವಿಷಯಕ್ಕೆ ಒಂದು ವಾಕ್ಯ ಸಾಲದು ಎಂಬುದು ನಿಜವಾದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಬಯಲಿನಲ್ಲಿ ನೂರು ಮೀಟರ್ ಅಗಲಕ್ಕೆ ನೂರು ಚಿಕ್ಕ ಕ್ಯಾಮೆರಾಗಳನ್ನು ಹರಡಿ, ಎಲ್ಲದರಿಂದಲೂ ಒಂದೇ ನಕ್ಷತ್ರದ ಚಿತ್ರ ತೆಗೆದು, ಕಂಪ್ಯೂಟರ್‌ನಲ್ಲಿ ಕೂಡಿಸಿದರೆ ನೂರು ಮೀಟರ್ ವ್ಯಾಸದ ದೂರದರ್ಶಕದಷ್ಟು ಸ್ಪಷ್ಟವಾದ ಚಿತ್ರ ಸಿಗುವುದೇ?

ಉತ್ತರ: ಸಿಗುವುದಿಲ್ಲ. ಏಕೆ ಸಿಗುವುದಿಲ್ಲ ಎಂಬುದು ತಿಳಿದರೆ ಮುಂದಿನ ಪ್ರಶ್ನೆಗಳಲ್ಲಿ ಅರ್ಧದಷ್ಟಕ್ಕೆ ಉತ್ತರ ಸಿಕ್ಕಂತೆ.

ಬೆಳಕು ಅಲೆಯಾಗಿರುವುದರಿಂದ ಯಾವ ಮಸೂರವೂ ಒಂದು ಬಿಂದುವನ್ನು ಬಿಂದುವಾಗಿಯೇ ಮೂಡಿಸಲಾರದು. ವಿವರ್ತನೆಯಿಂದಾಗಿ ಅದು ಒಂದು ಪುಟ್ಟ ತಟ್ಟೆಯಾಗಿ ಹರಡಿಕೊಳ್ಳುತ್ತದೆ. ಆ ತಟ್ಟೆಯ ಕೋನೀಯ ತ್ರಿಜ್ಯವು ಬೆಳಕಿನ ತರಂಗದೂರವನ್ನು ಮಸೂರದ ವ್ಯಾಸದಿಂದ ಭಾಗಿಸಿ 1.22ರಿಂದ ಗುಣಿಸಿದಷ್ಟು. ಹಸಿರು ಬೆಳಕಿನ 550 ನ್ಯಾನೊಮೀಟರ್ ತರಂಗದೂರಕ್ಕೆ ಲೆಕ್ಕ ಹಾಕಿದರೆ 10 ಸೆಂಟಿಮೀಟರ್ ಮಸೂರಕ್ಕೆ ಸುಮಾರು 1.4 ಆರ್ಕ್‌ಸೆಕೆಂಡ್, 1 ಮೀಟರ್ ದರ್ಪಣಕ್ಕೆ ಅದರ ಹತ್ತನೆಯ ಒಂದು ಭಾಗ ಬರುತ್ತದೆ. ಒಂದು ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3,600ನೆಯ ಒಂದು ಭಾಗ. ನಿಮ್ಮ ನೂರು ಕ್ಯಾಮೆರಾಗಳಲ್ಲಿ ಪ್ರತಿಯೊಂದೂ ತನ್ನ ವ್ಯಾಸಕ್ಕೆ ತಕ್ಕಷ್ಟು ಮಸುಕಾದ ಚಿತ್ರವನ್ನೇ ಕೊಡುತ್ತದೆ. ನೂರು ಮಸುಕು ಚಿತ್ರಗಳನ್ನು ಕೂಡಿಸಿದಾಗ ಸಿಗುವುದು ಅಷ್ಟೇ ಮಸುಕಾದ, ಆದರೆ ಹೆಚ್ಚು ಪ್ರಕಾಶದ ಮತ್ತು ಕಡಿಮೆ ಗದ್ದಲದ (ಸಂಕೇತದೊಡನೆ ಬೆರೆಯುವ ಅಡ್ಡಾದಿಡ್ಡಿ ಏರಿಳಿತದ) ಇನ್ನೊಂದು ಚಿತ್ರ.

ಇದೂ ನಿಷ್ಪ್ರಯೋಜಕವೇನಲ್ಲ. ಡ್ರ್ಯಾಗನ್‌ಫ್ಲೈ ಎಂಬ ಉಪಕರಣದಲ್ಲಿ ಮಾರುಕಟ್ಟೆಯಲ್ಲಿ ಸಿಗುವ 400 ಮಿಲಿಮೀಟರ್ ಸಂಗಮ ದೂರದ 48 ಟೆಲಿಫೋಟೊ ಲೆನ್ಸ್‌ಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ, 1 ಮೀಟರ್ ವ್ಯಾಸದ ದೂರದರ್ಶಕಕ್ಕೆ ಸಮನಾದಷ್ಟು ಬೆಳಕನ್ನು ಸಂಗ್ರಹಿಸಿದರು. ಬಹಳ ಮಂಕಾಗಿ ಹರಡಿಕೊಂಡ ಗ್ಯಾಲಕ್ಸಿಗಳನ್ನು ಪತ್ತೆಮಾಡಲು ಅದು ಅತ್ಯುತ್ತಮ ಸಾಧನ. ಆದರೆ ಅದರ ಸ್ಪಷ್ಟತೆ ಒಂದು ಲೆನ್ಸಿನ ಸ್ಪಷ್ಟತೆಯನ್ನು ಮೀರುವುದಿಲ್ಲ, ಮೀರಬೇಕೆಂಬ ಉದ್ದೇಶವೂ ಅದಕ್ಕಿಲ್ಲ.

ಸ್ಪಷ್ಟತೆ ಹೆಚ್ಚಬೇಕಾದರೆ ಚಿತ್ರಗಳು ಕೂಡಿದರೆ ಸಾಲದು, ಬೆಳಕಿನ ಅಲೆಗಳೇ ಒಂದನ್ನೊಂದು ಸಂಧಿಸಬೇಕು. ಕ್ಯಾಮೆರಾದ ಸೆನ್ಸರ್ ಬೆಳಕಿನ ತೀವ್ರತೆಯನ್ನು ಮಾತ್ರ ದಾಖಲಿಸುತ್ತದೆ. ಅಲೆಯ ಉಬ್ಬು ಯಾವ ಕ್ಷಣದಲ್ಲಿ ಬಂತು, ತಗ್ಗು ಯಾವ ಕ್ಷಣದಲ್ಲಿ ಬಂತು ಎಂಬ ಮಾಹಿತಿ, ಅಂದರೆ ಪ್ರಾವಸ್ಥೆ, ಸೆನ್ಸರನ್ನು ಮುಟ್ಟಿದ ಗಳಿಗೆಯಲ್ಲೇ ಅಳಿದುಹೋಗುತ್ತದೆ. ನೂರು ಮೀಟರ್ ಅಂತರದ ಎರಡು ಬಿಂದುಗಳಿಗೆ ಒಂದೇ ಅಲೆ ಎಷ್ಟು ಹಿಂದುಮುಂದಾಗಿ ತಲುಪಿತು ಎಂಬುದರಲ್ಲೇ ಸೂಕ್ಷ್ಮ ವಿವರವೆಲ್ಲ ಅಡಗಿದೆ. ಆದ್ದರಿಂದ ಬೆಳಕನ್ನು ದಾಖಲಿಸುವುದಕ್ಕೆ ಮೊದಲೇ, ಅದು ಇನ್ನೂ ಅಲೆಯಾಗಿರುವಾಗಲೇ, ಒಂದೆಡೆ ತಂದು ವ್ಯತಿಕರಣಕ್ಕೆ, ಅಂದರೆ ಅಲೆಗಳು ಒಂದರ ಮೇಲೊಂದು ಬಿದ್ದು ಕೆಲವೆಡೆ ಬಲಗೊಂಡು ಕೆಲವೆಡೆ ಅಳಿಯುವ ಕ್ರಿಯೆಗೆ, ಒಳಪಡಿಸಬೇಕು.

ಪ್ರಶ್ನೆ: ರೇಡಿಯೊ ಖಗೋಳವಿಜ್ಞಾನಿಗಳು ಖಂಡಾಂತರಗಳಲ್ಲಿರುವ ಆಂಟೆನಾಗಳ ದತ್ತಾಂಶವನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಕೂಡಿಸಿ ಕಪ್ಪುರಂಧ್ರದ ಚಿತ್ರವನ್ನೇ ಪಡೆದರಲ್ಲವೇ? ಬೆಳಕಿನಲ್ಲಿ ಅದು ಏಕಾಗದು?

ಉತ್ತರ: 2019ರಲ್ಲಿ ಪ್ರಕಟವಾದ ಆ ಚಿತ್ರಕ್ಕೆ ಬಳಸಿದ್ದು ಸುಮಾರು 1.3 ಮಿಲಿಮೀಟರ್ ತರಂಗದೂರದ ರೇಡಿಯೊ ಅಲೆ. ಸೆಕೆಂಡಿಗೆ ಸುಮಾರು 23,000 ಕೋಟಿ ಕಂಪನಗಳು. ಅಷ್ಟು ವೇಗದ ಸಂಕೇತವನ್ನು ಸ್ಥಳೀಯ ಆಂದೋಲಕದೊಂದಿಗೆ (ನಿಶ್ಚಿತ ಆವೃತ್ತಿಯ ಅಲೆಯನ್ನು ಹುಟ್ಟಿಸುವ ಸಾಧನದೊಂದಿಗೆ) ಬೆರೆಸಿ, ಆವೃತ್ತಿಯನ್ನು ಇಳಿಸಿ, ಪರಮಾಣು ಗಡಿಯಾರದ ಸಮಯಮುದ್ರೆಯೊಡನೆ ಅಲೆಯನ್ನು ಅಲೆಯಾಗಿಯೇ ಡಿಸ್ಕಿಗೆ ತುಂಬಿಕೊಳ್ಳಲು ಸಾಧ್ಯ. ಕಣ್ಣಿಗೆ ಕಾಣುವ ಬೆಳಕು ಅದಕ್ಕಿಂತ ಎರಡು ಸಾವಿರಕ್ಕೂ ಹೆಚ್ಚು ಪಟ್ಟು ವೇಗವಾಗಿ ಕಂಪಿಸುತ್ತದೆ.

ವೇಗವೊಂದೇ ಅಡ್ಡಿಯಾಗಿದ್ದರೆ ಇಂದಲ್ಲ ನಾಳೆ ದಾಟಬಹುದಿತ್ತು. ಮೂಲ ತೊಡಕು ಕ್ವಾಂಟಂ ಸ್ವರೂಪದ್ದು. ಅಲೆಯ ಪ್ರಾವಸ್ಥೆಯನ್ನು ಉಳಿಸಿಕೊಂಡು ಸಂಕೇತವನ್ನು ವರ್ಧಿಸುವ ಯಾವ ಸಾಧನವೂ ತನ್ನದೇ ಆದ ಒಂದಿಷ್ಟು ಗದ್ದಲವನ್ನು ಸೇರಿಸದೆ ಇರಲಾರದು ಎಂಬುದು ಪ್ರಕೃತಿಯ ನಿಯಮ. ಶಕ್ತಿ ಬಹಳ ಕಡಿಮೆಯಿರುವ ರೇಡಿಯೊ ಫೋಟಾನುಗಳು, ಅಂದರೆ ಅಲೆಯ ಶಕ್ತಿಯ ಬಿಡಿ ಕಣಗಳು, ಹಿಂಡುಹಿಂಡಾಗಿ ಬರುವುದರಿಂದ ಅಲ್ಲಿ ಈ ಗದ್ದಲ ಲೆಕ್ಕಕ್ಕೆ ಬರುವುದಿಲ್ಲ. ನಕ್ಷತ್ರದ ಬೆಳಕಿನ ಫೋಟಾನುಗಳು ಅಪರೂಪಕ್ಕೆ ಒಂದೊಂದಾಗಿ ಬರುವುದರಿಂದ ಅಲ್ಲಿ ಗದ್ದಲವೇ ಸಂಕೇತವನ್ನು ಮುಳುಗಿಸಿಬಿಡುತ್ತದೆ. ನಡುವಿನ ಪ್ರದೇಶವಾದ ಅವಕೆಂಪಿನಲ್ಲಿ, ಸುಮಾರು 10 ಮೈಕ್ರೊಮೀಟರ್ ತರಂಗದೂರದಲ್ಲಿ, ಅಮೆರಿಕದ ಭೌತವಿಜ್ಞಾನಿ ಚಾರ್ಲ್ಸ್ ಟೌನ್ಸ್ ಅವರ ತಂಡ ಇಂಗಾಲದ ಡೈಆಕ್ಸೈಡ್ ಲೇಸರನ್ನು ಆಂದೋಲಕವಾಗಿ ಬಳಸಿ ರೇಡಿಯೊ ವಿಧಾನವನ್ನೇ ನಡೆಸಿ ತೋರಿಸಿತು. ಆದರೆ ಪ್ರಕಾಶಮಾನವಾದ ನಕ್ಷತ್ರಗಳಿಗಷ್ಟೇ ಅದು ಒದಗಿತು.

ಪ್ರಶ್ನೆ: ಈ ವಿಚಾರ ಮೊದಲು ಯಾರಿಗೆ ಹೊಳೆಯಿತು? ನಕ್ಷತ್ರದ ಗಾತ್ರವನ್ನು ಹೀಗೆ ಅಳೆದರು ಎನ್ನುತ್ತಾರೆ, ಹೇಗೆ?

ಉತ್ತರ: ದೂರದರ್ಶಕದ ಬಾಯಿಯನ್ನು ಮುಚ್ಚಿ ಎರಡೇ ರಂಧ್ರಗಳನ್ನು ಬಿಟ್ಟರೆ ನಕ್ಷತ್ರದ ಗಾತ್ರವನ್ನು ಅಳೆಯಬಹುದು ಎಂಬ ಸಲಹೆಯನ್ನು ಫ್ರೆಂಚ್ ಭೌತವಿಜ್ಞಾನಿ ಇಪೊಲಿಟ್ ಫಿಜೊ 1860ರ ದಶಕದಲ್ಲಿ ಮುಂದಿಟ್ಟರು. ಎಡ್ವಾರ್ ಸ್ಟೆಫಾನ್ 1870ರ ದಶಕದಲ್ಲಿ ಮಾರ್ಸೇಯ 80 ಸೆಂಟಿಮೀಟರ್ ದೂರದರ್ಶಕದಲ್ಲಿ ಅದನ್ನು ಪ್ರಯೋಗಿಸಿದರು. ನೋಡಿದ ಯಾವ ನಕ್ಷತ್ರದಲ್ಲೂ ವ್ಯತಿಕರಣ ಪಟ್ಟೆಗಳು ಮಾಯವಾಗಲಿಲ್ಲ. ನಕ್ಷತ್ರಗಳು ಆ ಉಪಕರಣಕ್ಕೆ ನಿಲುಕದಷ್ಟು ಸಣ್ಣವು ಎಂಬ ತೀರ್ಮಾನಕ್ಕೆ ಅವರು ಬಂದರು, ಅದು ಸರಿಯಾದ ತೀರ್ಮಾನವೇ ಆಗಿತ್ತು.

ಪಟ್ಟೆಗಳು ಮಾಯವಾಗುವುದೆಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎರಡು ರಂಧ್ರಗಳ ಮೂಲಕ ಬಂದ ಬೆಳಕು ಸಂಗಮಿಸಿದಾಗ ನಕ್ಷತ್ರದ ಚಿತ್ರದ ಮೇಲೆ ಬೆಳಕು ಮತ್ತು ಕತ್ತಲೆಯ ಗೆರೆಗಳು ಮೂಡುತ್ತವೆ. ನಕ್ಷತ್ರದ ಬಿಂಬದ ಒಂದೊಂದು ಬಿಂದುವೂ ತನ್ನದೇ ಗೆರೆಗಳ ಸಾಲನ್ನು ಮೂಡಿಸುತ್ತದೆ ಮತ್ತು ಆ ಸಾಲುಗಳು ಒಂದರಿಂದೊಂದು ಕೊಂಚ ಸರಿದಿರುತ್ತವೆ. ರಂಧ್ರಗಳ ಅಂತರ ಹೆಚ್ಚಿದಂತೆ ಗೆರೆಗಳು ಒತ್ತೊತ್ತಾಗುವುದರಿಂದ ಈ ಸರಿತದ ಪರಿಣಾಮ ಬೆಳೆಯುತ್ತದೆ. ಒಂದು ನಿರ್ದಿಷ್ಟ ಅಂತರದಲ್ಲಿ ಒಂದರ ಬೆಳಕಿನ ಗೆರೆ ಇನ್ನೊಂದರ ಕತ್ತಲೆಯ ಗೆರೆಯ ಮೇಲೆ ಬಿದ್ದು ಎಲ್ಲವೂ ಒಂದೇ ಸಮನೆಯ ಬೆಳಕಾಗಿಬಿಡುತ್ತದೆ. ಆ ಅಂತರವನ್ನು ಅಳೆದರೆ ನಕ್ಷತ್ರದ ಕೋನೀಯ ವ್ಯಾಸವನ್ನು ಅಳೆದಂತೆಯೇ.

1920ರ ಡಿಸೆಂಬರಿನಲ್ಲಿ ಆಲ್ಬರ್ಟ್ ಮೈಕೆಲ್ಸನ್ ಮತ್ತು ಫ್ರಾನ್ಸಿಸ್ ಪೀಸ್ ಅವರ ಪ್ರಯೋಗದಲ್ಲಿ ಆದದ್ದು ಇದೇ. ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ 2.5 ಮೀಟರ್ ದೂರದರ್ಶಕದ ಮೂತಿಗೆ ಅಡ್ಡಲಾಗಿ 6 ಮೀಟರ್ ಉದ್ದದ ಉಕ್ಕಿನ ತೊಲೆಯನ್ನು ಕೂರಿಸಿ, ಅದರ ಮೇಲೆ ಎರಡು ಚಪ್ಪಟೆ ಕನ್ನಡಿಗಳನ್ನು ಹಿಂದೆ ಮುಂದೆ ಸರಿಸುವಂತೆ ಅಳವಡಿಸಿದ್ದರು. ಅವು ಹಿಡಿದ ಬೆಳಕನ್ನು ಒಳಗಿನ ಇನ್ನೆರಡು ಕನ್ನಡಿಗಳು ದೂರದರ್ಶಕದ ಒಳಕ್ಕೆ ತಿರುಗಿಸುತ್ತಿದ್ದವು. ಕನ್ನಡಿಗಳನ್ನು 3.07 ಮೀಟರ್ ಅಂತರಕ್ಕೆ ಸರಿಸಿದಾಗ ಮಹಾವ್ಯಾಧ ನಕ್ಷತ್ರಪುಂಜದ ಆರ್ದ್ರಾ ನಕ್ಷತ್ರದ ಪಟ್ಟೆಗಳು ಮಾಯವಾದವು. ಉಪಕರಣದಲ್ಲೇ ದೋಷವಿರಬಹುದೆಂಬ ಸಂಶಯಕ್ಕೆ ಎಡೆಕೊಡದಂತೆ ಬೇರೆ ನಕ್ಷತ್ರಗಳತ್ತಲೂ ತಿರುಗಿಸಿ ನೋಡಿದರು. ಅಲ್ಲಿ ಅದೇ ಅಂತರದಲ್ಲಿ ಪಟ್ಟೆಗಳು ಕಾಣುತ್ತಿದ್ದವು. ಆರ್ದ್ರಾದ ವ್ಯಾಸ 0.047 ಆರ್ಕ್‌ಸೆಕೆಂಡ್ ಎಂಬ ಉತ್ತರ ಬಂತು. ಸೂರ್ಯನನ್ನು ಬಿಟ್ಟರೆ ಮನುಷ್ಯ ನೇರವಾಗಿ ಗಾತ್ರ ಅಳೆದ ಮೊದಲ ನಕ್ಷತ್ರ ಅದು. ಈ ಕ್ಷೇತ್ರದಲ್ಲಿ ಇಷ್ಟು ಸರಳವಾದ, ಇಷ್ಟು ಖಚಿತವಾದ ಪ್ರಯೋಗ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಪೂರ್ಣವಾಗಿ ಬೇರೆಬೇರೆಯಾದ ಎರಡು ದೂರದರ್ಶಕಗಳ ಬೆಳಕನ್ನು ಕೂಡಿಸಿ ಪಟ್ಟೆಗಳನ್ನು ಕಾಣಲು ಮಾತ್ರ ಅರ್ಧ ಶತಮಾನಕ್ಕೂ ಹೆಚ್ಚು ಕಾಯಬೇಕಾಯಿತು. ಅಂತೋನ್ ಲಬೇರಿ ಅವರು 1974ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ಅಭಿಜಿತ್ ನಕ್ಷತ್ರದ ಬೆಳಕಿನಿಂದ ಅದನ್ನು ಸಾಧಿಸಿದರು.

ಪ್ರಶ್ನೆ: ಎರಡು ದೂರದರ್ಶಕಗಳ ಬೆಳಕನ್ನು ಕೂಡಿಸಲು ಅಷ್ಟು ಕಷ್ಟವೇಕೆ?

ಉತ್ತರ: ಎರಡೂ ದಾರಿಗಳ ಉದ್ದ ಸರಿಸಮವಾಗಿರಬೇಕು. 550 ನ್ಯಾನೊಮೀಟರಿನ ಆಸುಪಾಸಿನಲ್ಲಿ 100 ನ್ಯಾನೊಮೀಟರ್ ಅಗಲದ ಬಣ್ಣಪಟ್ಟಿಯನ್ನು ಬಳಸಿದರೆ ದಾರಿಗಳ ವ್ಯತ್ಯಾಸ ಸುಮಾರು 3 ಮೈಕ್ರೊಮೀಟರ್ ಮೀರಿದ ಕೂಡಲೇ ಪಟ್ಟೆಗಳು ಇಲ್ಲವಾಗುತ್ತವೆ. ಇತ್ತ ಭೂಮಿ ತಿರುಗುತ್ತಿರುತ್ತದೆ. ದೂರದರ್ಶಕಗಳ ನಡುವೆ 100 ಮೀಟರ್ ಅಂತರವಿದ್ದರೆ ಈ ತಿರುಗುವಿಕೆಯೊಂದರಿಂದಲೇ ದಾರಿಗಳ ವ್ಯತ್ಯಾಸ ಸೆಕೆಂಡಿಗೆ 7 ಮಿಲಿಮೀಟರಿನವರೆಗೂ ಬದಲಾಗಬಲ್ಲದು. ಇದನ್ನು ಸರಿದೂಗಿಸಲು ಚಿಲಿ ದೇಶದ ಪರನಾಲ್‌ನ ವೀಕ್ಷಣಾಲಯದ ಸುರಂಗದಲ್ಲಿ ಕನ್ನಡಿ ಹೊತ್ತ ಗಾಡಿಗಳು ಹಳಿಗಳ ಮೇಲೆ ರಾತ್ರಿಯಿಡೀ ಚಲಿಸುತ್ತಿರುತ್ತವೆ. ಹತ್ತಾರು ಮೀಟರ್ ಓಡಾಡುವ ಆ ಗಾಡಿಗಳ ಸ್ಥಾನವನ್ನು ಲೇಸರಿನಿಂದ ಅಳೆದು, ಬೆಳಕಿನ ತರಂಗದೂರದ ಒಂದು ಸಣ್ಣ ಭಾಗದಷ್ಟೂ ತಪ್ಪದಂತೆ ನಿಯಂತ್ರಿಸಲಾಗುತ್ತದೆ. ಅಲ್ಲಿನ 8.2 ಮೀಟರಿನ ನಾಲ್ಕು ದೊಡ್ಡ ದೂರದರ್ಶಕಗಳನ್ನೋ ಸ್ಥಳ ಬದಲಿಸಬಲ್ಲ 1.8 ಮೀಟರಿನ ನಾಲ್ಕು ಚಿಕ್ಕ ದೂರದರ್ಶಕಗಳನ್ನೋ ಹೀಗೆ ಜೋಡಿಸುತ್ತಾರೆ.

ಪ್ರಶ್ನೆ: ಪಟ್ಟೆಗಳಿಂದ ವ್ಯಾಸ ತಿಳಿಯಬಹುದು, ಒಪ್ಪಿದೆ. ಆದರೆ ಚಿತ್ರ ಹೇಗೆ ಮೂಡುತ್ತದೆ?

ಉತ್ತರ: ಯಾವ ಚಿತ್ರವನ್ನಾದರೂ ಬೇರೆಬೇರೆ ಅಗಲದ, ಬೇರೆಬೇರೆ ದಿಕ್ಕಿನ ಅಲೆಯಾಕಾರದ ಪಟ್ಟೆಗಳ ಮೊತ್ತವೆಂದು ಬರೆಯಬಹುದು ಎಂಬುದು ಫೂರಿಯೆ ಗಣಿತದ ಸಾರ. ಒಂದು ಜೋಡಿ ದೂರದರ್ಶಕಗಳು ಆ ಮೊತ್ತದ ಒಂದೇ ಒಂದು ಪದವನ್ನು ಅಳೆಯುತ್ತವೆ: ಜೋಡಿಯ ಅಂತರ ಪಟ್ಟೆಗಳ ಒತ್ತನ್ನು ನಿರ್ಧರಿಸುತ್ತದೆ, ಜೋಡಿಯ ದಿಕ್ಕು ಪಟ್ಟೆಗಳ ದಿಕ್ಕನ್ನು ನಿರ್ಧರಿಸುತ್ತದೆ. ಪಟ್ಟೆಗಳು ಎಷ್ಟು ಗಾಢವಾಗಿವೆ ಮತ್ತು ಎಷ್ಟು ಸರಿದಿವೆ ಎಂಬ ಎರಡು ಸಂಖ್ಯೆಗಳು ಆ ಪದದ ಬೆಲೆ. ಎರಡು ದೂರದರ್ಶಕಗಳಿಂದ ಒಂದು ಜೋಡಿ, ನಾಲ್ಕರಿಂದ 6, ಆರರಿಂದ 15 ಜೋಡಿಗಳು ಸಿಗುತ್ತವೆ. ದಾರಿಗಳ ಉದ್ದವನ್ನು ಕೆಡಿಸುವ ಭೂಮಿಯ ತಿರುಗುವಿಕೆ ಇಲ್ಲಿ ಉಪಕಾರವನ್ನೂ ಮಾಡುತ್ತದೆ. ನಕ್ಷತ್ರದ ಕಡೆಯಿಂದ ನೋಡಿದರೆ ಪ್ರತಿ ಜೋಡಿಯ ದಿಕ್ಕೂ ಅಂತರವೂ ಗಂಟೆಗಂಟೆಗೂ ಬದಲಾಗುವುದರಿಂದ ಅದೇ ಜೋಡಿ ಹೊಸ ಹೊಸ ಪದಗಳನ್ನು ಅಳೆಯುತ್ತಾ ಹೋಗುತ್ತದೆ. ರೇಡಿಯೊದಲ್ಲಿ ಈ ವಿಧಾನವನ್ನು ಬೆಳೆಸಿದ್ದಕ್ಕಾಗಿ ಮಾರ್ಟಿನ್ ರೈಲ್ ಅವರಿಗೆ 1974ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಪ್ರತಿ ದೂರದರ್ಶಕದ ಮೇಲಿನ ಗಾಳಿಯೂ ಬೇರೆ ಬೇರೆಯಾಗಿ ಕದಡಿರುತ್ತದೆ. ಬೆಳಕಿನ ಅಲೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಯದ್ವಾತದ್ವಾ ಹಿಂದುಮುಂದಾಗುವುದರಿಂದ ಪಟ್ಟೆಗಳ ಸರಿತ ಅರ್ಥಹೀನವಾಗುತ್ತದೆ, ಸರಿತವಿಲ್ಲದೆ ಚಿತ್ರವಿಲ್ಲ. ಇದಕ್ಕೆ ಪರಿಹಾರವನ್ನು 1958ರಲ್ಲಿ ರೋಜರ್ ಜೆನಿಸನ್ ರೇಡಿಯೊ ವೀಕ್ಷಣೆಗಾಗಿ ಕಂಡುಕೊಂಡಿದ್ದರು. ಮೂರು ದೂರದರ್ಶಕಗಳನ್ನು ತೆಗೆದುಕೊಳ್ಳಿ. ಮೊದಲ ಜೋಡಿಯ ಸರಿತದಲ್ಲಿ ಒಂದನೆಯದರ ದೋಷದಿಂದ ಎರಡನೆಯದರ ದೋಷ ಕಳೆದಷ್ಟು ತಪ್ಪು ಸೇರಿಕೊಂಡಿರುತ್ತದೆ; ಎರಡನೆಯ ಜೋಡಿಯಲ್ಲಿ ಎರಡನೆಯದರಿಂದ ಮೂರನೆಯದು ಕಳೆದಷ್ಟು; ಮೂರನೆಯ ಜೋಡಿಯಲ್ಲಿ ಮೂರನೆಯದರಿಂದ ಒಂದನೆಯದು ಕಳೆದಷ್ಟು. ತ್ರಿಕೋನವನ್ನು ಸುತ್ತಿ ಮೂರನ್ನೂ ಕೂಡಿಸಿದರೆ ಗಾಳಿಯ ದೋಷಗಳೆಲ್ಲ ಒಂದನ್ನೊಂದು ಹೊಡೆದುಹಾಕುತ್ತವೆ, ಉಳಿಯುವುದು ನಕ್ಷತ್ರಕ್ಕೆ ಸೇರಿದ ಮಾಹಿತಿ ಮಾತ್ರ. ಬೆಲೆಯನ್ನಂತೂ ತೆರಬೇಕು: ಮೂರು ಸರಿತಗಳ ಬದಲು ಒಂದೇ ಮೊತ್ತ ಕೈಗೆ ಸಿಗುತ್ತದೆ. ಆರು ದೂರದರ್ಶಕಗಳಿದ್ದರೆ 15ರ ಬದಲು 10 ಸಿಗುತ್ತವೆ, ದೂರದರ್ಶಕಗಳ ಸಂಖ್ಯೆ ಹೆಚ್ಚಿದಂತೆ ನಷ್ಟದ ಪ್ರಮಾಣ ಕುಗ್ಗುತ್ತದೆ.

ಈ ದಾರಿಯಲ್ಲಿ ಬೇರೆಬೇರೆ ದೂರದರ್ಶಕಗಳಿಂದ ಬೆಳಕಿನ ಮೊದಲ ಚಿತ್ರವನ್ನು ಪಡೆದದ್ದು ಕೇಂಬ್ರಿಡ್ಜ್‌ನ ಕೋಸ್ಟ್ ಎಂಬ ಸಮೂಹ. 1995ರ ಆ ವೀಕ್ಷಣೆಯಲ್ಲಿ ಬ್ರಹ್ಮಹೃದಯ ನಕ್ಷತ್ರದ ಎರಡು ಒಡನಾಡಿಗಳು ಬೇರೆಬೇರೆಯಾಗಿ ಕಂಡವು. ಮೌಂಟ್ ವಿಲ್ಸನ್ ಮೇಲಿನ ಚಾರಾ ಸಮೂಹದಲ್ಲಿ 1 ಮೀಟರಿನ ಆರು ದೂರದರ್ಶಕಗಳು ಸುಮಾರು 330 ಮೀಟರಿನವರೆಗೆ ಹರಡಿಕೊಂಡಿವೆ. ರಭಸವಾಗಿ ತಿರುಗುವುದರಿಂದ ಸೊಂಟದಲ್ಲಿ ಉಬ್ಬಿ, ಅಲ್ಲಿಯೇ ಕೊಂಚ ಕಪ್ಪಾಗಿರುವ ಶ್ರವಣ ನಕ್ಷತ್ರದ ಮೇಲ್ಮೈಯನ್ನು ಅದು 2007ರಲ್ಲಿ ತೋರಿಸಿತು. ವಿಜಯಸಾರಥಿ ನಕ್ಷತ್ರಪುಂಜದಲ್ಲಿ 27 ವರ್ಷಗಳಿಗೊಮ್ಮೆ ಮಂಕಾಗುವ ಎಪ್ಸಿಲಾನ್ ನಕ್ಷತ್ರದ ಮುಂದೆ ದೂಳಿನ ಚಪ್ಪಟೆ ಬಿಲ್ಲೆಯೊಂದು ಸರಿಯುತ್ತಿರುವುದನ್ನು 2009ರ ಕೊನೆಯಲ್ಲಿ ಚಿತ್ರವಾಗಿಯೇ ಹಿಡಿದುಕೊಟ್ಟಿತು.

ಇವು ಛಾಯಾಚಿತ್ರಗಳಲ್ಲ ಎಂಬುದನ್ನು ಓದುಗರು ಮರೆಯಬಾರದು. ಅಳೆಯದೆ ಉಳಿದ ಪದಗಳು ಬಹಳಷ್ಟಿರುವುದರಿಂದ ಅದೇ ಅಳತೆಗಳಿಗೆ ಹೊಂದುವ ಚಿತ್ರಗಳು ಒಂದಕ್ಕಿಂತ ಹೆಚ್ಚು ಇರುತ್ತವೆ. ಪ್ರಕಾಶ ಋಣಾತ್ಮಕವಾಗಿರಲಾರದು, ಚಿತ್ರ ಅನಗತ್ಯವಾಗಿ ಒರಟಾಗಿರಬಾರದು ಎಂಬಂಥ ನಿಬಂಧನೆಗಳನ್ನು ಹಾಕಿ ಅವುಗಳಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಬೇರೆಬೇರೆ ವಿಧಾನಗಳಿಂದ ಚಿತ್ರ ಕಟ್ಟಿ ಅವು ಎಲ್ಲಿ ಒಪ್ಪುತ್ತವೆ ಎಂದು ತಾಳೆ ನೋಡಿದ ಮೇಲೆಯೇ ಒಂದು ಕಲೆಯನ್ನು ನಕ್ಷತ್ರದ ಕಲೆಯೆಂದು ನಂಬುವುದು ಉಚಿತ.

ಪ್ರಶ್ನೆ: ಒಂದೇ ದೊಡ್ಡ ದರ್ಪಣವಿರುವಾಗಲೂ ಅದನ್ನು ಮುಚ್ಚಿ ಚಿಕ್ಕ ರಂಧ್ರಗಳನ್ನು ಮಾತ್ರ ಬಿಡುವುದುಂಟಂತೆ. ಇದ್ದ ಬೆಳಕನ್ನೂ ಕಳೆದುಕೊಳ್ಳುವುದರಲ್ಲಿ ಲಾಭವೇನು?

ಉತ್ತರ: ದೊಡ್ಡ ದರ್ಪಣದಲ್ಲಿ ಒಂದೇ ಅಂತರ ಮತ್ತು ಒಂದೇ ದಿಕ್ಕಿರುವ ಜೋಡಿ ಬಿಂದುಗಳು ಲೆಕ್ಕವಿಲ್ಲದಷ್ಟಿರುತ್ತವೆ. ಗಾಳಿಯಿಂದ ಅವುಗಳ ಪಟ್ಟೆಗಳು ಬೇರೆಬೇರೆಯಾಗಿ ಸರಿದು ಒಂದರ ಮೇಲೊಂದು ಬಿದ್ದಾಗ ಯಾವುದು ಯಾರದೆಂದು ಬಿಡಿಸುವುದು ಅಸಾಧ್ಯ. ಯಾವ ಎರಡು ಜೋಡಿಗಳೂ ಒಂದೇ ಆಗದಂತೆ ರಂಧ್ರಗಳನ್ನು ಜೋಡಿಸಿದರೆ ಪ್ರತಿ ಪಟ್ಟೆಯೂ ಒಂದೇ ಜೋಡಿಗೆ ಸೇರಿದ್ದಾಗಿ, ಮೇಲೆ ಹೇಳಿದ ತ್ರಿಕೋನದ ಉಪಾಯ ಕೈಗೂಡುತ್ತದೆ. ಸಾಮಾನ್ಯ ವೀಕ್ಷಣಾಲಯದಲ್ಲಿ ಗಾಳಿಯ ದೃಷ್ಟಿಯಿಂದ ಏಕರೂಪವಾಗಿರುವ ತುಣುಕು ಸುಮಾರು 10 ಸೆಂಟಿಮೀಟರ್ ಅಗಲದ್ದು. ರಂಧ್ರಗಳು ಚಿಕ್ಕದಾಗಿರಬೇಕಾದ ಕಾರಣವೂ ಇದೇ. 1990ರ ದಶಕದ ಕೊನೆಯಲ್ಲಿ ಹವಾಯಿಯ 10 ಮೀಟರ್ ಕೆಕ್ ದೂರದರ್ಶಕದಲ್ಲಿ ಹೀಗೆಯೇ ಡಬ್ಲ್ಯುಆರ್ 104 ಎಂಬ ಜೋಡಿ ನಕ್ಷತ್ರದ ಸುತ್ತ ಸುರುಳಿಯಾಗಿ ಹಬ್ಬಿದ ದೂಳು ಬೆಳಕಿಗೆ ಬಂತು. ಗಾಳಿಯೇ ಇಲ್ಲದ ಅಂತರಿಕ್ಷದಲ್ಲಿರುವ ಜೇಮ್ಸ್ ವೆಬ್ ದೂರದರ್ಶಕದ ಒಂದು ಉಪಕರಣದಲ್ಲೂ ಏಳು ರಂಧ್ರಗಳ ಇಂಥದೊಂದು ಮುಸುಕು ಇದೆ.

ಪ್ರಶ್ನೆ: ಹಾಗಾದರೆ ದೊಡ್ಡ ದರ್ಪಣಗಳನ್ನು ಕೈಬಿಟ್ಟು, ಸಿಲಿಕಾನ್ ಚಿಪ್ ಮೇಲೆ ಸಾವಿರಾರು ಪುಟ್ಟ ಮಸೂರಗಳನ್ನು ಜೋಡಿಸಿ ಚಪ್ಪಟೆ ದೂರದರ್ಶಕ ಮಾಡಬಹುದಲ್ಲವೇ?

ಉತ್ತರ: ಇದೇ ಯೋಚನೆಯಿಂದ ಹುಟ್ಟಿದ ಸ್ಪೈಡರ್ ಎಂಬ ಯೋಜನೆಯ ವಿವರಗಳನ್ನು ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ಸಂಸ್ಥೆ 2016ರಲ್ಲಿ ಪ್ರಕಟಿಸಿತು. ಪುಟ್ಟ ಮಸೂರಗಳ ಬೆಳಕನ್ನು ಸಿಲಿಕಾನ್ ಚಿಪ್ಪಿನ ಸೂಕ್ಷ್ಮ ಬೆಳಕಿನ ನಾಳಗಳಲ್ಲಿ ಜೋಡಿಜೋಡಿಯಾಗಿ ಕೂಡಿಸಿ, ಪಟ್ಟೆಗಳನ್ನು ಅಳೆದು, ಚಿತ್ರವನ್ನು ಲೆಕ್ಕದಿಂದ ಕಟ್ಟುವುದು ಅದರ ಕ್ರಮ. ಉದ್ದನೆಯ ಕೊಳವೆ ಬೇಕಿಲ್ಲದ್ದರಿಂದ ತೂಕ ಮತ್ತು ದಪ್ಪದಲ್ಲಿ ಭಾರಿ ಉಳಿತಾಯವಾಗುತ್ತದೆ. ಆದರೆ ಚಿಕ್ಕ ರಂಧ್ರಗಳು ಹೆಚ್ಚಿಸುವುದು ಸ್ಪಷ್ಟತೆಯನ್ನು, ಬೆಳಕನ್ನಲ್ಲ. ಚಾರಾದ ಆರೂ ದರ್ಪಣಗಳನ್ನು ಕೂಡಿಸಿದರೆ ಬೆಳಕು ಹಿಡಿಯುವ ವಿಸ್ತೀರ್ಣ 5 ಚದರ ಮೀಟರಿಗಿಂತ ಕಡಿಮೆ. 330 ಮೀಟರಿನ ಪೂರ್ಣ ದರ್ಪಣವಿದ್ದಿದ್ದರೆ ಅದು ಹದಿನೆಂಟು ಸಾವಿರ ಪಟ್ಟು ಹೆಚ್ಚಿರುತ್ತಿತ್ತು. ಹಿಡಿದ ಬೆಳಕಿನಲ್ಲೂ ಕನ್ನಡಿಯಿಂದ ಕನ್ನಡಿಗೆ ಸಾಗುವಾಗ ಬಹುಪಾಲು ಸೋರಿಹೋಗುತ್ತದೆ. ಆದ್ದರಿಂದ ಪ್ರಕಾಶಮಾನವಾದ, ಚಿಕ್ಕದಾದ, ಸರಳವಾದ ವಸ್ತುಗಳಿಗೆ ಈ ವಿಧಾನ ಹೇಳಿಮಾಡಿಸಿದಂತಿದೆ. ಮಂಕಾಗಿ ಹರಡಿಕೊಂಡ ನೀಹಾರಿಕೆಗೋ ವಿವರ ತುಂಬಿದ ಭೂದೃಶ್ಯಕ್ಕೋ ಪೂರ್ಣ ದರ್ಪಣವೇ ಮೇಲು. ಒಂದರ ಬದಲಿಗೆ ಇನ್ನೊಂದೆಂದು ಇವನ್ನು ನೋಡುವುದು ಸರಿಯಲ್ಲವೆಂದು ನನಗನಿಸುತ್ತದೆ.

ಪ್ರಶ್ನೆ: ಬೇರೆ ನಕ್ಷತ್ರದ ಸುತ್ತಲಿನ ಭೂಮಿಯಂಥ ಗ್ರಹದ ಖಂಡ ಸಾಗರಗಳನ್ನು ಕಾಣಲು ಎಷ್ಟು ಅಂತರ ಬೇಕು?

ಉತ್ತರ: ನಮಗೆ ಅತಿ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ 4.2 ಜ್ಯೋತಿರ್ವರ್ಷ ದೂರದಲ್ಲಿದೆ. ಅಲ್ಲಿ ಭೂಮಿಯಷ್ಟು ದೊಡ್ಡ ಗ್ರಹವಿದ್ದರೆ ಅದು ಬರಿಯ ಚುಕ್ಕೆಯಲ್ಲ ಎಂದು ತಿಳಿಯುವುದಕ್ಕೇ ಹಸಿರು ಬೆಳಕಿನಲ್ಲಿ ಸುಮಾರು 1.7 ಕಿಲೊಮೀಟರ್ ಅಂತರ ಬೇಕು. ಉದ್ದಕ್ಕೆ ಹತ್ತು, ಅಗಲಕ್ಕೆ ಹತ್ತು ಚೌಕಗಳ ಒರಟು ಚಿತ್ರಕ್ಕೆ 17 ಕಿಲೊಮೀಟರ್. ಅಂತರವನ್ನು ಅಂತರಿಕ್ಷದಲ್ಲಿ ಸಾಧಿಸಬಹುದಾದರೂ ಗ್ರಹದಿಂದ ಬರುವ ಬೆಳಕು ಅತ್ಯಲ್ಪವಾದ್ದರಿಂದ ಪ್ರತಿಯೊಂದು ದೂರದರ್ಶಕವೂ ಬಹಳ ದೊಡ್ಡದಾಗಿರಬೇಕಾಗುತ್ತದೆ.

ಪ್ರಶ್ನೆ: ನನ್ನ ಬಳಿ 10 ಸೆಂಟಿಮೀಟರಿನ ದೂರದರ್ಶಕವಿದೆ. ಈ ಪಟ್ಟೆಗಳನ್ನು ನಾನು ಕಾಣಬಹುದೇ?

ಉತ್ತರ: ಖಂಡಿತ ಕಾಣಬಹುದು, ಕಾಣಲೇಬೇಕು. ದೂರದರ್ಶಕದ ಬಾಯಿಗೆ ಹೊಂದುವಂತೆ ದಪ್ಪ ರಟ್ಟನ್ನು ದುಂಡಗೆ ಕತ್ತರಿಸಿ, ಕೇಂದ್ರದಿಂದ ಸಮದೂರದಲ್ಲಿ, ತಲಾ 2 ಸೆಂಟಿಮೀಟರ್ ವ್ಯಾಸದ ಎರಡು ರಂಧ್ರಗಳನ್ನು ಮಧ್ಯದಿಂದ ಮಧ್ಯಕ್ಕೆ 7 ಸೆಂಟಿಮೀಟರ್ ಅಂತರ ಬರುವಂತೆ ಕೊರೆಯಿರಿ. ಪ್ರಖರವಾದ ನಕ್ಷತ್ರವೊಂದನ್ನು ಆರಿಸಿ, ಸುಮಾರು 150 ಪಟ್ಟು ವರ್ಧನೆಯಲ್ಲಿ ಫೋಕಸ್ ಸರಿಮಾಡಿ. ನಕ್ಷತ್ರವು 14 ಆರ್ಕ್‌ಸೆಕೆಂಡ್ ಅಗಲದ ದುಂಡು ಬಿಲ್ಲೆಯಾಗಿ ಕಾಣುತ್ತದೆ, ಅದರೊಳಗೆ 1.6 ಆರ್ಕ್‌ಸೆಕೆಂಡಿಗೊಂದರಂತೆ ಏಳೆಂಟು ನೇರ ಗೆರೆಗಳಿರುತ್ತವೆ. ರಟ್ಟನ್ನು ತಿರುಗಿಸಿದರೆ ಗೆರೆಗಳೂ ತಿರುಗುತ್ತವೆ, ಒಂದು ರಂಧ್ರವನ್ನು ಮುಚ್ಚಿದರೆ ಇಲ್ಲವಾಗುತ್ತವೆ. ಗಾಳಿ ಅಲುಗುತ್ತಿದ್ದರೆ ಅವು ನಡುಗುವುದನ್ನೂ ಗಮನಿಸಬಹುದು.

ಇದು ಕೈಹತ್ತಿದ ಮೇಲೆ 1 ಆರ್ಕ್‌ಸೆಕೆಂಡ್ ಅಂತರದ, ಎರಡೂ ಸಮಾನ ಪ್ರಕಾಶದ ಜೋಡಿ ನಕ್ಷತ್ರವೊಂದನ್ನು ಆರಿಸಿಕೊಳ್ಳಿ, ರಂಧ್ರಗಳ ಅಂತರವನ್ನು 5.7 ಸೆಂಟಿಮೀಟರಿಗೆ ಇಳಿಸಿದ ಇನ್ನೊಂದು ರಟ್ಟನ್ನು ಸಿದ್ಧಪಡಿಸಿಕೊಳ್ಳಿ. ರಂಧ್ರಗಳನ್ನು ಕೂಡಿಸುವ ರೇಖೆ ಜೋಡಿಯ ರೇಖೆಗೆ ಸಮಾಂತರವಾದಾಗ ಗೆರೆಗಳು ಅಳಿಸಿಹೋಗುತ್ತವೆ, ಕಾಲು ಸುತ್ತು ತಿರುಗಿಸಿದಾಗ ಮತ್ತೆ ಮೂಡುತ್ತವೆ. ಗೆರೆಗಳು ಅಳಿಸಿದ ಸ್ಥಾನದಲ್ಲಿ ರಟ್ಟಿನ ಅಂಚಿಗೆ ಪೆನ್ಸಿಲಿನಿಂದ ಗುರುತು ಹಾಕಿಕೊಂಡರೆ ಆ ಜೋಡಿ ಆಕಾಶದಲ್ಲಿ ಯಾವ ಕಡೆಗೆ ವಾಲಿದೆ ಎಂಬುದನ್ನು ನೀವೇ ಅಳೆಯಬಹುದು.